ದೊಡ್ಡಪ್ಪನ 412 ಪುಸ್ತಕಗಳಲ್ಲಿ ಗ್ರಂಥಾಲಯ ಇಟ್ಟುಕೊಂಡದ್ದು 31. ಆರಿಸುವವರು ಯಾರು, ಯಾವ ಲೆಕ್ಕದಲ್ಲಿ?

ಕದ್ರಿ ಕಪಾಟು

ನನ್ನ ದೊಡ್ಡಪ್ಪ ಕಳೆದ ಆಟಿಯಲ್ಲಿ (ತುಳುವರ ಮಳೆ ತಿಂಗಳು) ತೀರಿಕೊಂಡರು. ಹಗಲು ಶಾಲೆಯಲ್ಲಿ ಪಾಠ, ರಾತ್ರಿ ತಾಳಮದ್ದಳೆಯಲ್ಲಿ (ವೇಷವಿಲ್ಲದ, ಮಾತಿನ ಯಕ್ಷಗಾನ) ಅರ್ಥ ಹೇಳುತ್ತಿದ್ದ ಮೇಷ್ಟ್ರು. ಮಕ್ಕಳಿಲ್ಲ. ಮಂಗಳೂರಿನ ಕದ್ರಿಯ ಹಂಚಿನ ಮನೆಯನ್ನು ಬಿಲ್ಡರಿಗೆ ಕೊಡುವುದೆಂದು ಕುಟುಂಬದವರು ತೀರ್ಮಾನಿಸಿದರು. ಪಾತ್ರೆ ಹಂಚಿಕೆಯಾಯಿತು, ಮರದ ಪೆಟ್ಟಿಗೆಗಳಿಗೆ ಜಗಳವೂ ಆಯಿತು. ಪುಸ್ತಕ ಬೇಕೆಂದು ಒಬ್ಬರೂ ಬಾಯಿ ಬಿಡಲಿಲ್ಲ. ಎಣಿಸಿದರೆ 412.

ಟೆಂಪೊಕ್ಕೆ 900 ರೂಪಾಯಿ ಕೊಟ್ಟು ಅಷ್ಟನ್ನೂ ಒಂದು ಸಾರ್ವಜನಿಕ ಗ್ರಂಥಾಲಯಕ್ಕೆ ಒಯ್ದೆ. ಹಾರ ತುರಾಯಿ ನಿರೀಕ್ಷಿಸಿರಲಿಲ್ಲ, ಒಂದು ಲೋಟ ಚಹಾ ಸಿಕ್ಕೀತು ಎಂದುಕೊಂಡಿದ್ದೆ. ಅಲ್ಲಿನವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಂದೊಂದನ್ನೇ ಬಿಡಿಸಿ ನೋಡಿದರು. ಒಂದೂವರೆ ಗಂಟೆಯ ನಂತರ 31 ಪುಸ್ತಕ ಒಳಗೆ ಹೋಯಿತು, 381 ಮೆಟ್ಟಿಲಿನ ಮೇಲೆ ಉಳಿಯಿತು. ಕಾರಂತರ ಕಾದಂಬರಿಗಳೂ ಬೇಡವಂತೆ! ಒಳಗೆ ಇಣುಕಿದರೆ ಒಂದೇ ಸಾಮಾನ್ಯ ಜ್ಞಾನದ ಗೈಡ್ ಮೂರು ಮೂರು ಪ್ರತಿ ಸಾಲಾಗಿ ನಿಂತಿತ್ತು.

ಉಳಿದದ್ದನ್ನು ವಾಪಸು ಹೊತ್ತು ಮನೆಗೆ ಬಂದು ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿದೆ. ಗ್ರಂಥಾಲಯ ಕರ ಎಂದು ಒಂದು ಸಾಲು ಇದೆ. ಹಾಗಾದರೆ ಕೇಳುವ ಹಕ್ಕು ನನಗಿದೆ. ಗ್ರಂಥಾಲಯದಲ್ಲಿ ಏನಿರಬೇಕು ಎಂದು ನಿರ್ಧರಿಸುವವರು ಯಾರು?

ನಿವೃತ್ತ ಮೊಹರು

ಬೈಂದೂರಿನಿಂದ ಸುಳ್ಯದವರೆಗೆ ಬೇರೆ ಬೇರೆ ಗ್ರಂಥಾಲಯಗಳಲ್ಲಿ ದುಡಿದು ನಿವೃತ್ತನಾದವನು ನಾನು. ಮೆಟ್ಟಿಲಿನ ಮೇಲೆ ಮೂಟೆ ಬಿಟ್ಟು ಹೋದವರನ್ನು ಬಹಳ ನೋಡಿದ್ದೇನೆ. ನೀವು ವಾಪಸು ಒಯ್ದಿರಿ, ಅದಕ್ಕೇ ಒಂದು ನಮಸ್ಕಾರ.

ಮೊದಲು ಆ ಮೂಗಿನ ಬಟ್ಟೆಯ ವಿಷಯ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಗಾಳಿಯ ತೇವಾಂಶ ಶೇಕಡಾ 65–70 ದಾಟಿ ನಿಂತರೆ ಕಾಗದದ ಮೇಲೆ ಬೂಷ್ಟು ಹಿಡಿಯಲು ಬೇರೇನೂ ಬೇಡ. ನಮ್ಮ ಮಳೆಗಾಲದಲ್ಲಿ ಅದು ತಿಂಗಳುಗಟ್ಟಲೆ ಅದರ ಮೇಲೆಯೇ ಇರುತ್ತದೆ. ಅಟ್ಟದಲ್ಲಿ ಇಪ್ಪತ್ತು ಮಳೆಗಾಲ ಕಳೆದ ಒಂದು ಪುಸ್ತಕವನ್ನು ಕಪಾಟಿಗೆ ಸೇರಿಸಿದರೆ ಮುಂದಿನ ಆಟಿಯೊಳಗೆ ಅಕ್ಕಪಕ್ಕದ ಹತ್ತಕ್ಕೆ ಅದು ಹಬ್ಬಿರುತ್ತದೆ. ಯಾರು ಬರೆದದ್ದು ಎಂದು ಬೂಷ್ಟು ನೋಡುವುದಿಲ್ಲ.

ಕಾರಂತರನ್ನು ಬೇಡವೆಂದದ್ದು ಪ್ರತಿಗಳ ಲೆಕ್ಕಕ್ಕೆ ಇರಬೇಕು. ಕರಾವಳಿಯಲ್ಲಿ ಯಾವ ಮನೆಯ ಕಪಾಟು ಬಂದರೂ ಅದರಲ್ಲಿ ಅದೇ ನಾಲ್ಕೈದು ಕಾದಂಬರಿಗಳು ಇದ್ದೇ ಇರುತ್ತವೆ. ಐದು ಪ್ರತಿ ಇರುವಲ್ಲಿ ಆರನೆಯದು ಸ್ಥಳ ತಿನ್ನುತ್ತದೆ, ಅಷ್ಟೇ.

ಇನ್ನೊಂದು ವಿಷಯ ಹೊರಗಿನವರಿಗೆ ಕಾಣುವುದಿಲ್ಲ. ಪುಸ್ತಕ ಒಳಗೆ ಬಂತೆಂದರೆ ಅಕ್ಸೆಶನ್ ರಿಜಿಸ್ಟರಿನಲ್ಲಿ (ಸೇರ್ಪಡೆಯ ದಾಖಲೆ ಪುಸ್ತಕ) ಸಂಖ್ಯೆ ಬೀಳುತ್ತದೆ, ಮೊಹರು ಬೀಳುತ್ತದೆ, ಒಳಗಿನ ಒಂದು ಗುಟ್ಟಿನ ಪುಟದಲ್ಲಿಯೂ ಬೀಳುತ್ತದೆ. ಅಲ್ಲಿಂದ ಅದು ಸರಕಾರದ ಸೊತ್ತು. ದಾನದ್ದಾಗಲಿ, ದುಡ್ಡಿನದ್ದಾಗಲಿ, ಲೆಕ್ಕ ಒಂದೇ. ಕೇಂದ್ರ ಸರಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳನ್ನೇ ನೋಡಿ: ಓದುಗರ ಕೈಗೆ ಹೋದ ಸಾವಿರ ಪುಸ್ತಕಕ್ಕೆ ವರ್ಷಕ್ಕೆ ಐದು ಕಳೆದರೆ ಅದು ಸಹಜ ನಷ್ಟ, ಆದರೆ ಬೆಲೆ ಸಾವಿರ ರೂಪಾಯಿ ದಾಟಿದ್ದೋ ಅಪರೂಪದ್ದೋ ಕಳೆದರೆ ವಿಚಾರಣೆ. ಅದು ಕೇಂದ್ರದ ಸಂಸ್ಥೆಗಳ ಮಾತು ನಿಜ, ಆದರೆ ಎಲ್ಲ ಕಡೆಯ ಲೆಕ್ಕಪರಿಶೋಧಕರ ಮನಸ್ಸೂ ಅದೇ ಅಚ್ಚಿನದು. ಹರಿದ ಪುಸ್ತಕವನ್ನು ಪಟ್ಟಿಯಿಂದ ತೆಗೆಯಲು ಸಮಿತಿ, ಅನುಮೋದನೆ, ಟಿಪ್ಪಣಿ ಎಲ್ಲ ಬೇಕು. ಹಾಗಾಗಿ ಅನುಭವವಿರುವ ಗ್ರಂಥಪಾಲಕ ಬಾಗಿಲಲ್ಲೇ ಜಿಪುಣನಾಗುತ್ತಾನೆ. ಆ 31 ಯಾವುವು ಎಂದು ನೋಡಿದಿರಾ?

ಕದ್ರಿ ಕಪಾಟು

ಇಲ್ಲ ಸರ್. ಸಿಟ್ಟಿನಲ್ಲಿ ನೋಡಲಿಲ್ಲ.

ಎರಡನೇ ಪ್ರಯತ್ನ

ಗೈಡ್‌ಗಳ ಬಗ್ಗೆ ಬರೆದದ್ದು ಓದಿ ಸುಮ್ಮನಿರಲು ಆಗಲಿಲ್ಲ. ಆ ಗೈಡ್‌ಗಳ ಮುಂದೆ ಬೆಳಿಗ್ಗೆಯಿಂದ ಸಂಜೆಯವರೆಗೆ ಕುಳಿತುಕೊಳ್ಳುವವರಲ್ಲಿ ನಾನೂ ಒಬ್ಬಳು. ಬೆಳ್ತಂಗಡಿ ಕಡೆಯ ಹಳ್ಳಿ ನಮ್ಮದು. ತಂದೆ ರಬ್ಬರ್ ಟ್ಯಾಪಿಂಗ್ ಮಾಡುತ್ತಾರೆ. ಕೆಎಎಸ್ ಪರೀಕ್ಷೆಗೆ ಬೇಕಾದ ಪುಸ್ತಕಗಳನ್ನೆಲ್ಲ ಕೊಳ್ಳುವಷ್ಟು ಹಣವಿದ್ದರೆ ಗ್ರಂಥಾಲಯದ ಫ್ಯಾನಿನ ಕೆಳಗಿನ ಕುರ್ಚಿಗೆ ಬೆಳಿಗ್ಗೆಯೇ ಓಡಿ ಬರುತ್ತಿರಲಿಲ್ಲ. ಮೂರು ಪ್ರತಿ ಇದ್ದರೂ ಮಧ್ಯಾಹ್ನದ ಹೊತ್ತಿಗೆ ಒಂದೂ ಸಿಗುವುದಿಲ್ಲ. ನಿಮ್ಮ ದೊಡ್ಡಪ್ಪನ ಪುಸ್ತಕಗಳ ಮೇಲೆ ನನಗೆ ಗೌರವ ಇದೆ. ನಮ್ಮ ಹಸಿವಿನ ಪುಸ್ತಕಗಳಿಗೂ ಸ್ವಲ್ಪ ಇರಲಿ.

ಕದ್ರಿ ಕಪಾಟು

ಒಪ್ಪಿದೆ ತಂಗಿ, ಆ ಸಾಲನ್ನು ವಾಪಸು ತೆಗೆದುಕೊಂಡಿದ್ದೇನೆ. ಆದರೆ ಮೂಲ ಪ್ರಶ್ನೆ ಹಾಗೇ ಇದೆ. ದಾನದ್ದು ಬಿಡಿ, ದುಡ್ಡು ಕೊಟ್ಟು ಕೊಳ್ಳುವುದನ್ನು ಯಾರು ಆರಿಸುತ್ತಾರೆ?

ನಿವೃತ್ತ ಮೊಹರು

ಹಣ ಎಲ್ಲಿಂದ ಬರುತ್ತದೋ ಆಯ್ಕೆಯೂ ಅಲ್ಲಿಂದಲೇ ಬರುತ್ತದೆ. ನಮ್ಮ ಗ್ರಂಥಾಲಯ ಕಾಯ್ದೆ 1965ರದ್ದು. ನಿಮ್ಮ ರಸೀದಿಯ ಆ ಸಾಲು ಅದರ ಫಲ: ಆಸ್ತಿ ತೆರಿಗೆಯ ಮೇಲೆ ಶೇಕಡಾ ಆರು. ಸಾವಿರ ರೂಪಾಯಿ ತೆರಿಗೆ ಕಟ್ಟಿದರೆ ಅದರ ಮೇಲೆ ಅರುವತ್ತು ರೂಪಾಯಿ ಗ್ರಂಥಾಲಯಕ್ಕೆ. ವಸೂಲು ಮಾಡುವುದು ಸ್ಥಳೀಯ ಸಂಸ್ಥೆ, ಖರ್ಚು ಮಾಡಬೇಕಾದದ್ದು ಗ್ರಂಥಾಲಯ. ಆ ಕೈಯಿಂದ ಈ ಕೈಗೆ ದಾಟುವುದು ತಡವಾಗುತ್ತದೆ ಎಂಬುದು ರಾಜ್ಯದಲ್ಲಿ ಬಹಳ ಹಳೆಯ ಗೊಣಗಾಟ.

ಕನ್ನಡದ ಹೊಸ ಪುಸ್ತಕಗಳಲ್ಲಿ ದೊಡ್ಡ ಪಾಲು ಬರುವುದು ರಾಜ್ಯಮಟ್ಟದ ಸಗಟು ಖರೀದಿಯಿಂದ. ಪ್ರಕಾಶಕರು ಅರ್ಜಿ ಹಾಕುತ್ತಾರೆ, ಆಯ್ಕೆ ಸಮಿತಿ ಪಟ್ಟಿ ಮಾಡುತ್ತದೆ, ಪುಸ್ತಕಗಳು ರಾಜ್ಯದ ಗ್ರಂಥಾಲಯಗಳಿಗೆ ಹಂಚಿಕೆಯಾಗುತ್ತವೆ. ಇನ್ನೊಂದು ದಾರಿ ಕೊಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನ. ರಾಯರ ಇನ್ನೂರನೇ ಜನ್ಮವರ್ಷ 1972ರಲ್ಲಿ ಶುರುವಾದದ್ದು. ಅದರ ಒಂದು ಯೋಜನೆಯಲ್ಲಿ ರಾಜ್ಯ ತನ್ನ ಪಾಲು ಹಾಕಿದರೆ ಪ್ರತಿಷ್ಠಾನ ತನ್ನದನ್ನು ಸೇರಿಸುತ್ತದೆ. ಇವೆರಡರ ಪೆಟ್ಟಿಗೆ ಒಡೆಯುವಾಗ ಒಳಗೆ ಏನಿದೆ ಎಂದು ಗ್ರಂಥಪಾಲಕನಿಗೇ ಕುತೂಹಲವಿರುತ್ತದೆ, ಮದುವೆ ಮನೆಯ ಉಡುಗೊರೆ ಬಿಚ್ಚಿದ ಹಾಗೆ. ಉಳಿದದ್ದು ಸ್ಥಳೀಯವಾಗಿ ಕೊಳ್ಳುವ ಸಣ್ಣ ಭಾಗ ಮತ್ತು ದಿನಪತ್ರಿಕೆ, ನಿಯತಕಾಲಿಕೆಗಳು. ಓದುಗನ ಮಾತು ನಡೆಯುವುದು ಅಲ್ಲಿ ಮಾತ್ರ. ಸಲಹಾ ಪುಸ್ತಕ ಎಂದು ಒಂದು ನೋಟುಪುಸ್ತಕ ಎದುರಿನ ಮೇಜಿನ ಮೇಲೆ ಇರುತ್ತದೆ. ನನ್ನ ಕಾಲದಲ್ಲಿ ಅದರಲ್ಲಿ ಬರೆದದ್ದು ಹೆಚ್ಚಾಗಿ ಫ್ಯಾನ್ ತಿರುಗುವುದಿಲ್ಲ, ಶೌಚಾಲಯದಲ್ಲಿ ನೀರಿಲ್ಲ ಎಂದು. ಪುಸ್ತಕದ ಹೆಸರು ಬರೆದವರು ವರ್ಷಕ್ಕೆ ಹತ್ತು ಮಂದಿ ಇದ್ದರೆ ಹೆಚ್ಚು.

ಸಣ್ಣ ಪ್ರಕಾಶಕಿ, ಉಡುಪಿ

ಸಗಟು ಖರೀದಿ ನಮ್ಮ ಅನ್ನ, ಆದ್ದರಿಂದ ಅದನ್ನು ಸುಲಭವಾಗಿ ಬೈಯುವವಳಲ್ಲ. ಆದರೆ ಅದು ಪುಸ್ತಕದ ಆಕಾರವನ್ನೇ ಹೇಗೆ ಬದಲಿಸುತ್ತದೆ ಎಂದು ಓದುಗರಿಗೆ ಗೊತ್ತಿರಲಿ. ಆಯ್ಕೆಯಾದ ಶೀರ್ಷಿಕೆಗೆ 300 ಪ್ರತಿ ಎಂಬುದು ನಮ್ಮಲ್ಲಿ ಮಂತ್ರದಂತಹ ಸಂಖ್ಯೆ. ಅಂಗಡಿಯಲ್ಲಿ ಕನ್ನಡ ಪುಸ್ತಕ ಹೋಗುವ ವೇಗ ನೋಡಿದವರಿಗೆ ಆ ಸಂಖ್ಯೆಯ ತೂಕ ತಿಳಿಯುತ್ತದೆ. ಒಬ್ಬ ಹೊಸ ಲೇಖಕನ ಪುಸ್ತಕ ಅಚ್ಚು ಹಾಕಬೇಕೋ ಬೇಡವೋ ಎಂದು ಯೋಚಿಸುವಾಗ ಈ 300 ತಲೆಯಲ್ಲಿ ಇದ್ದೇ ಇರುತ್ತದೆ. ಅದು ಒಳ್ಳೆಯದು. ಎಷ್ಟೋ ಕವಿಗಳು ಅಚ್ಚಾಗಿರುವುದು ಅದರಿಂದಲೇ.

ಇನ್ನೊಂದು ಮುಖ ಬೆಲೆಯದು. ಬೆಲೆ ಪುಟದ ಲೆಕ್ಕದಲ್ಲಿ. ಪುಟಕ್ಕೆ ಇಷ್ಟು ಪೈಸೆ ಎಂದಾಗ 64 ಪುಟದ ಅಪ್ಪಟ ಕವನ ಸಂಕಲನವೂ 64 ಪುಟದ ಯಾವುದೋ ಪ್ರಬಂಧಗಳ ಕಟ್ಟೂ ಒಂದೇ ತಕ್ಕಡಿಯಲ್ಲಿ ಕೂರುತ್ತವೆ. ಮಕ್ಕಳ ಬಣ್ಣದ ಚಿತ್ರಪುಸ್ತಕಕ್ಕೆ ಹದಿನಾರೇ ಪುಟ ಸಾಕು, ಆದರೆ ಚಿತ್ರಕಾರರಿಗೆ, ಕಾಗದಕ್ಕೆ, ನಾಲ್ಕು ಬಣ್ಣದ ಮುದ್ರಣಕ್ಕೆ ತಗಲುವ ವೆಚ್ಚ ಕಾದಂಬರಿಯನ್ನೂ ಮೀರಿಸುತ್ತದೆ. ಹೀಗಿರುವಾಗ ನಮ್ಮ ಗ್ರಂಥಾಲಯಗಳಲ್ಲಿ ದಪ್ಪ ದಪ್ಪ ಪುಸ್ತಕಗಳ ನಡುವೆ ಮಕ್ಕಳ ಪುಸ್ತಕ ಯಾಕೆ ಕಾಣುವುದಿಲ್ಲ ಎಂದು ಆಶ್ಚರ್ಯಪಡಬೇಕಾಗಿಲ್ಲ. ಅಂಚಿನ ಖಾಲಿ ಜಾಗ ಅಗಲವಾಗಿ, ಅಕ್ಷರ ದೊಡ್ಡದಾಗಿ, ಅಧ್ಯಾಯ ಮುಗಿದಲ್ಲಿ ಒಂದು ಇಡೀ ಪುಟ ಬಿಳಿಯಾಗಿ ಇರುವ ಪುಸ್ತಕ ಕಂಡರೆ ವಿನ್ಯಾಸಕಾರನ ಸೌಂದರ್ಯಪ್ರಜ್ಞೆ ಎಂದು ಭಾವಿಸಬೇಡಿ, ಮಾರಾಯರೇ.

ಅರಿವು ಕೇಂದ್ರದ ಅಕ್ಕ

ಉಡುಪಿ ಜಿಲ್ಲೆಯ ಒಂದು ಗ್ರಾಮ ಪಂಚಾಯತ್ ಗ್ರಂಥಾಲಯದ ಮೇಲ್ವಿಚಾರಕಿ ನಾನು. 2019ರಲ್ಲಿ ನಮ್ಮನ್ನು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಿದರು. ಈಗ ನಮ್ಮದು ಅರಿವು ಕೇಂದ್ರ. ಹೊಸ ಬೋರ್ಡು ಬಂತು, ಬಳಿಕ ಓದುವ ಬೆಳಕು ಕಾರ್ಯಕ್ರಮದಲ್ಲಿ ಮಕ್ಕಳು ಬಂದರು. ಮಕ್ಕಳು ಬಂದ ಮೇಲೆ ಪ್ರಕಾಶಕಿ ಅಕ್ಕ ಹೇಳಿದ ಸಮಸ್ಯೆ ನನಗೆ ಅರ್ಥವಾಯಿತು. ಎರಡನೇ ತರಗತಿಯ ಹುಡುಗಿ ಕಪಾಟಿನ ಮುಂದೆ ನಿಂತು, ಚಿತ್ರ ಇರುವುದು ಇದೆಯಾ ಎಂದು ಕೇಳಿದರೆ ಕೊಡಲು ನನ್ನಲ್ಲಿ ಎಂಟೋ ಹತ್ತೋ ಇತ್ತು. ಅದನ್ನೇ ಸುತ್ತು ಹಾಕಿ ಓದಿ ಈಗ ಅವರಿಗೆ ಕಂಠಪಾಠ ಆಗಿದೆ.

ದಾನ ಬರುವುದಿಲ್ಲ ಎಂದಲ್ಲ. ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದ ಒಬ್ಬರು ನಾಲ್ಕು ಗೋಣಿ ತಂದರು. ಸಂಭ್ರಮದಿಂದ ಬಿಚ್ಚಿದೆ. ಮುಂಬಯಿಯ ದೂರವಾಣಿ ಡೈರೆಕ್ಟರಿ ಎರಡು ಸಂಪುಟ, ಆದಾಯ ತೆರಿಗೆಯ ಹಳೆಯ ಕೈಪಿಡಿಗಳು, ಯಾರದೋ ಮದುವೆಯ ಆಲ್ಬಮ್. ಆಲ್ಬಮ್ ಮಾತ್ರ ಜೋಪಾನವಾಗಿ ಇಟ್ಟು ಮರಳಿಸಿದೆ.

ತುಳುವೆರೆ ಕಪಾಟು ಓಲು

ಇಷ್ಟು ಹೊತ್ತು ಕನ್ನಡದ ಮಾತೇ ಆಯಿತು. ಈ ಊರಿನಲ್ಲಿ ಮನೆಯೊಳಗೆ ಕನ್ನಡ ಮಾತಾಡುವವರು ಎಷ್ಟು ಮಂದಿ? ತುಳು ಅಕಾಡೆಮಿ, ಕೊಂಕಣಿ ಅಕಾಡೆಮಿ ಎರಡೂ 1994ರಿಂದ ಇವೆ, ಬ್ಯಾರಿ ಅಕಾಡೆಮಿ 2009ರಿಂದ. ಇಲ್ಲಿನ ಕೊಂಕಣಿ ವಾರಪತ್ರಿಕೆ ರಾಕ್ಣೊ 1938ರಿಂದ ಕನ್ನಡ ಲಿಪಿಯಲ್ಲಿ ಬರುತ್ತಿದೆ. ಉಡುಪಿಯಲ್ಲಿ ಕುಳಿತು ತುಳುವಿಗೆ ಆರು ಸಂಪುಟಗಳ ನಿಘಂಟು ಮಾಡಿದರು, 1988ರಿಂದ 1997ರವರೆಗೆ. ಇಷ್ಟಿದ್ದೂ ನಾನು ಹೋಗುವ ಗ್ರಂಥಾಲಯದಲ್ಲಿ ತುಳು ಎಂಬ ಫಲಕ ಹೊತ್ತ ಕಪಾಟು ಇಲ್ಲ.

ಪುಸ್ತಕ ಇಲ್ಲವೇ ಎಂದರೆ ಇವೆ. ಲಿಪಿ ಕನ್ನಡದ್ದಾದ್ದರಿಂದ ಅವು ಕನ್ನಡದ ಕಾದಂಬರಿ, ಕನ್ನಡದ ನಾಟಕಗಳ ನಡುವೆ ಕರಗಿ ಹೋಗಿವೆ. ಒಂದು ತುಳು ನಾಟಕ ನನಗೆ ಸಿಕ್ಕಿದ್ದು ಕೃಷಿ ವಿಭಾಗದಲ್ಲಿ; ಹೆಸರಿನಲ್ಲಿ ಗದ್ದೆ ಎಂಬ ಅರ್ಥದ ಪದ ಇತ್ತು, ಅದಕ್ಕೇ ಇರಬೇಕು! ನಗಬೇಡಿ. ಬೇರೆ ಇಡದಿದ್ದರೆ ಎಷ್ಟು ಮಂದಿ ಒಯ್ದರು ಎಂಬ ಲೆಕ್ಕ ಸಿಗುವುದಿಲ್ಲ, ಲೆಕ್ಕ ಇಲ್ಲದಿದ್ದರೆ ಬೇಡಿಕೆ ಇಲ್ಲ ಎಂದಾಗುತ್ತದೆ, ಬೇಡಿಕೆ ಇಲ್ಲದ್ದನ್ನು ಕೊಳ್ಳುವುದಿಲ್ಲ.

ನಿವೃತ್ತ ಮೊಹರು

ಕೃಷಿ ವಿಭಾಗದ ಪಾಪದಲ್ಲಿ ನನ್ನಂತಹವರ ಪಾಲೂ ಇದೆ. ದಿನಕ್ಕೆ ಇನ್ನೂರು ಪುಸ್ತಕಕ್ಕೆ ವರ್ಗಸಂಖ್ಯೆ ಬರೆಯುವಾಗ ಮುಖಪುಟ ಬಿಟ್ಟು ಒಳಗೆ ನೋಡಿದ್ದು ಕಡಿಮೆ.

ಕುಂದಾಪ್ರದವ, ನ್ಯೂಜೆರ್ಸಿ

ಇಲ್ಲಿನ ಕ್ರಮ ಹೇಳುತ್ತೇನೆ. ಹೊಗಳಲಿಕ್ಕಲ್ಲ, ಹೋಲಿಸಲಿಕ್ಕೆ. ಇಲ್ಲಿಯೂ ದುಡ್ಡು ಆಸ್ತಿ ತೆರಿಗೆಯಿಂದಲೇ. ಪುರಸಭೆಯ ಗ್ರಂಥಾಲಯಕ್ಕೆ ಊರಿನ ಆಸ್ತಿ ಮೌಲ್ಯದ ಪ್ರತಿ 3,000 ಡಾಲರಿಗೆ ಒಂದು ಡಾಲರಾದರೂ ಕೊಡಬೇಕೆಂದು ರಾಜ್ಯದ ಕಾನೂನು ಇದೆ. ಆದರೆ ಆಯ್ಕೆ ರಾಜಧಾನಿಯಲ್ಲಿ ನಡೆಯುವುದಿಲ್ಲ. ನಮ್ಮೂರಿನ ಗ್ರಂಥಾಲಯದಲ್ಲಿ ಮಕ್ಕಳ ವಿಭಾಗಕ್ಕೆ ಒಬ್ಬರು, ಕಾದಂಬರಿಗೆ ಒಬ್ಬರು, ಹೀಗೆ ಗ್ರಂಥಪಾಲಕರೇ ಹಂಚಿಕೊಂಡು ಆರಿಸುತ್ತಾರೆ. ಪುಸ್ತಕ ಬಿಡುಗಡೆಗೆ ಮೊದಲೇ ವಿಮರ್ಶೆ ಬರೆಯುವ ಪತ್ರಿಕೆಗಳೇ ಇಲ್ಲಿವೆ. ಬುಕ್‌ಲಿಸ್ಟ್ ಎಂಬುದು 1905ರಿಂದ ಬರುತ್ತಿದೆ. ಜನಪ್ರಿಯ ಪುಸ್ತಕಕ್ಕೆ ಕಾಯುವವರ ಸರದಿ ಉದ್ದವಾದರೆ ಇಂತಿಷ್ಟು ಮಂದಿಗೆ ಒಂದು ಪ್ರತಿ ಎಂಬ ಲೆಕ್ಕದಲ್ಲಿ ಇನ್ನಷ್ಟು ತರಿಸುತ್ತಾರೆ. ಯಾವ ಓದುಗನಾದರೂ ಇದನ್ನು ತರಿಸಿ ಎಂದು ಅರ್ಜಿ ಹಾಕಬಹುದು. ನಾನು ಒಂದು ಕನ್ನಡ ಅನುವಾದಕ್ಕೆ ಹಾಕಿದ್ದೆ. ಮೂರು ವಾರದಲ್ಲಿ ಬಂತು, ಮೊದಲು ಓದುವ ಸರದಿಯೂ ನನ್ನದೇ.

ಕಳೆ ಕೀಳುವುದು ಇಲ್ಲಿ ನಿತ್ಯದ ಕೆಲಸ. ಆ ಶಬ್ದವನ್ನೇ ಬಳಸುತ್ತಾರೆ, ನಮ್ಮ ಗದ್ದೆಯ ಹಾಗೆ. ತಪ್ಪು ಮಾಹಿತಿಯದ್ದು, ಹರಿದದ್ದು, ಹೊಸ ಆವೃತ್ತಿ ಬಂದದ್ದು, ಯಾರಿಗೂ ಬೇಡದ್ದು, ಬೇರೆಡೆ ಸುಲಭವಾಗಿ ಸಿಗುವುದು, ಇವನ್ನು ಕಿತ್ತು ಮಾರುತ್ತಾರೆ. ದಾನ ಕೊಟ್ಟವುಗಳೂ ಹೆಚ್ಚಿನವು ಕಪಾಟಿಗೆ ಹೋಗದೆ ನೇರವಾಗಿ ಆ ಮಾರಾಟದ ಮೇಜಿಗೇ ಹೋಗುತ್ತವೆ. ಕದ್ರಿಯವರಿಗೆ ಇದರಿಂದ ಸ್ವಲ್ಪ ಸಮಾಧಾನ ಆದೀತು.

ಇ-ಪುಸ್ತಕ ಬಂದ ಮೇಲೆ ಕಳೆ ಕೀಳುವ ಕೆಲಸವನ್ನು ಪ್ರಕಾಶಕರೇ ವಹಿಸಿಕೊಂಡಿದ್ದಾರೆ. 2011ರಲ್ಲಿ ಹಾರ್ಪರ್‌ಕಾಲಿನ್ಸ್, ಒಂದು ಇ-ಪುಸ್ತಕವನ್ನು 26 ಸಲ ಎರವಲು ಕೊಟ್ಟ ಮೇಲೆ ಗ್ರಂಥಾಲಯ ಮತ್ತೆ ದುಡ್ಡು ಕೊಡಬೇಕೆಂದು ನಿಯಮ ತಂದಿತು. ಇಲ್ಲಿ ಪುಸ್ತಕ ಕೊಳ್ಳುವುದಲ್ಲ, ಬಾಡಿಗೆಗೆ ತರುವುದು.

ಶಾಂತಿಪ್ರಿಯ

ಸಮಾಜಕ್ಕೆ ನೋವು ಮಾಡುವ ಪುಸ್ತಕಗಳನ್ನು ಮೊದಲು ತೆಗೆಯಲಿ. ಆಮೇಲೆ ಕಳೆ, ಗಿಡ ಎಲ್ಲ ಮಾತಾಡೋಣ.

ಎರಡನೇ ಪ್ರಯತ್ನ

ಯಾರಿಗೆ ನೋವಾಯಿತೋ ಅವರು ಪುಸ್ತಕ ಓದಿರಬೇಕು ಎಂಬ ಒಂದು ನಿಯಮ ಇಟ್ಟರೆ ಅರ್ಧ ದೂರು ಕಡಿಮೆಯಾಗುತ್ತದೆ.

ಕುಂದಾಪ್ರದವ, ನ್ಯೂಜೆರ್ಸಿ

ಇದಕ್ಕೆ ಇಲ್ಲಿ ದೊಡ್ಡ ಜಗಳವೇ ನಡೆದಿದೆ. ಶಾಲೆ, ಸಾರ್ವಜನಿಕ ಗ್ರಂಥಾಲಯಗಳಿಂದ ಪುಸ್ತಕ ತೆಗೆಸುವ ಚಳವಳಿ ಹೆಚ್ಚಾದ ಮೇಲೆ 2024ರ ಡಿಸೆಂಬರಿನಲ್ಲಿ ನಮ್ಮ ರಾಜ್ಯ ಓದುವ ಸ್ವಾತಂತ್ರ್ಯದ ಕಾನೂನು ಮಾಡಿತು. ಪುಸ್ತಕ ಆರಿಸುವ ಕ್ರಮ, ತೆಗೆಯಬೇಕೆಂದು ದೂರು ಬಂದರೆ ಪರಿಶೀಲಿಸುವ ಕ್ರಮ, ಎರಡನ್ನೂ ಲಿಖಿತವಾಗಿ ಇಡಬೇಕು. ದೂರು ಕೊಡುವವರೂ ಬರೆದೇ ಕೊಡಬೇಕು.

ನಿವೃತ್ತ ಮೊಹರು

ಲೆಸ್ಟರ್ ಆಶೈಮ್ ಎಂಬ ಅಮೆರಿಕದ ಗ್ರಂಥಾಲಯ ಶಿಕ್ಷಕರು 1953ರಲ್ಲಿ ಇದನ್ನೇ ಬಿಡಿಸಿ ಹೇಳಿದ್ದರು. ಆರಿಸುವವನು ಪುಸ್ತಕವನ್ನು ಇಟ್ಟುಕೊಳ್ಳಲು ಕಾರಣ ಹುಡುಕುತ್ತಾನೆ, ತಡೆಯುವವನು ಹೊರಗಿಡಲು ಕಾರಣ ಹುಡುಕುತ್ತಾನೆ ಎಂಬುದು ಅವರ ಮಾತಿನ ಸಾರ. ನಾನು ಸೇವೆಯಲ್ಲಿದ್ದಾಗ ಎರಡನ್ನೂ ಮಾಡಿದ್ದೇನೆ. ಯಾರೂ ಗಲಾಟೆ ಮಾಡದಿದ್ದರೂ ನಾಳೆ ಮಾಡಿಯಾರು ಎಂಬ ಹೆದರಿಕೆಯಲ್ಲಿ ಕೆಲವು ಹೆಸರುಗಳನ್ನು ಪಟ್ಟಿಯಿಂದ ನಾನೇ ಬಿಟ್ಟದ್ದಿದೆ. ಅದು ಯಾವ ರಿಜಿಸ್ಟರಿನಲ್ಲೂ ದಾಖಲಾಗಿಲ್ಲ. ಸಿಕ್ಕಿಬೀಳದ ತಪ್ಪು ಅದು.

ಅಮೆರಿಕದ ಮಾತು ಸಾಕು, ನಮ್ಮ ಊರಿಗೆ ಬರೋಣ. ಗ್ರಂಥಾಲಯ ವಿಜ್ಞಾನ ಎಂದರೆ ಎಸ್. ಆರ್. ರಂಗನಾಥನ್ ಎನ್ನುತ್ತೇವಲ್ಲ, ಅವರು 1917ರಲ್ಲಿ ಕೆಲಸಕ್ಕೆ ಸೇರಿದ್ದು ಮಂಗಳೂರಿನ ಸರಕಾರಿ ಕಾಲೇಜಿಗೆ, ಗಣಿತದ ಉಪನ್ಯಾಸಕರಾಗಿ. ಈಗ ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜು ಎನ್ನುವುದು ಅದನ್ನೇ. ಮದರಾಸಿನಲ್ಲಿ ಗ್ರಂಥಪಾಲಕರಾದದ್ದು 1924ರಲ್ಲಿ, ಐದು ಸೂತ್ರಗಳನ್ನು ಅಚ್ಚು ಹಾಕಿದ್ದು 1931ರಲ್ಲಿ. ಅವುಗಳಲ್ಲಿ ಎರಡು: ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ. ಬೆಳ್ತಂಗಡಿಯ ತಂಗಿ ಕೇಳುತ್ತಿರುವುದು ಇವೆರಡರಲ್ಲಿ ಮೊದಲನೆಯದನ್ನು, ಕದ್ರಿಯವರು ಎರಡನೆಯದನ್ನು. ಆ 381ಕ್ಕೂ ಎಲ್ಲೋ ಓದುಗ ಇದ್ದಾನೆ, ಆದರೆ ಅವನು ಆ ಒಂದೇ ಕಟ್ಟಡಕ್ಕೆ ಬರುತ್ತಾನೆ ಎಂದು ಸೂತ್ರ ಹೇಳುವುದಿಲ್ಲ.

ಸಣ್ಣ ಪ್ರಕಾಶಕಿ, ಉಡುಪಿ

ತಾಳಮದ್ದಳೆಯ ಅರ್ಥಧಾರಿಯ ಮನೆ ಎಂದಿರಲ್ಲ, ಯಕ್ಷಗಾನದ ಪದ್ಯಗಳಿರುವ ಪ್ರಸಂಗ ಪುಸ್ತಕಗಳು ಇರಬೇಕಲ್ಲವೇ? ಪಾವಂಜೆ ಗುರುರಾವ್ ಅಂಡ್ ಸನ್ಸ್ ಅಚ್ಚು ಹಾಕಿದ ತೆಳ್ಳಗಿನ ಪ್ರತಿಗಳು? ಅವನ್ನು ರದ್ದಿಗೆ ಹಾಕಿದರೆ ನಾನು ಕದ್ರಿಗೇ ಬಂದು ಜಗಳ ಆಡುತ್ತೇನೆ. ಎರವಲು ಗ್ರಂಥಾಲಯಕ್ಕೆ ಅವು ಒಗ್ಗುವುದಿಲ್ಲ, ಹತ್ತು ಕೈ ದಾಟಿದರೆ ಪುಡಿಯಾಗುತ್ತವೆ. ಸಂಶೋಧನ ಕೇಂದ್ರದವರನ್ನು ಕೇಳಿ. ಕವಿ ಗೋವಿಂದ ಪೈಗಳ ಸ್ವಂತ ಪುಸ್ತಕ ಸಂಗ್ರಹ ಉಳಿದದ್ದು ಉಡುಪಿಯ ಎಂಜಿಎಂ ಕಾಲೇಜಿನ ಆವರಣದಲ್ಲಿ ಅವರ ಹೆಸರಿನ ಕೇಂದ್ರ ಇದ್ದುದರಿಂದ.

ಕದ್ರಿ ಕಪಾಟು

ಎರಡು ಭಾನುವಾರ ಕಳೆದು ಬರೆಯುತ್ತಿದ್ದೇನೆ. ಅದೇ ಗ್ರಂಥಾಲಯಕ್ಕೆ ಮತ್ತೆ ಹೋದೆ, ಈ ಸಲ ಕೈ ಬೀಸಿಕೊಂಡು. ತೆಗೆದುಕೊಂಡ 31 ಯಾವುವು ಎಂದು ಕೇಳಿದೆ. ಅವರು ರಿಜಿಸ್ಟರ್ ತೆರೆದೇ ತೋರಿಸಿದರು. ಕರಾವಳಿಯ ಸ್ಥಳನಾಮಗಳ ಬಗ್ಗೆ ಹನ್ನೊಂದು, ಶಾಲೆಗಳ ಶತಮಾನೋತ್ಸವದ ಸ್ಮರಣ ಸಂಚಿಕೆಗಳು ಒಂಬತ್ತು, ತುಳು ಗಾದೆಗಳದ್ದು ಎರಡು, ಉಳಿದದ್ದು ಹಳೆಯ ವೈದ್ಯ, ಅಡಿಕೆ, ಮೀನುಗಾರಿಕೆ. ಒಂದೂ ಅವರಲ್ಲಿ ಮೊದಲು ಇರಲಿಲ್ಲ, ಒಂದೂ ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ನಾನು ಹೆಮ್ಮೆಪಟ್ಟಿದ್ದ ಕಾದಂಬರಿಗಳನ್ನು ಬಿಟ್ಟು, ನಾನು ಕಸ ಎಂದುಕೊಂಡಿದ್ದ ಸ್ಮರಣ ಸಂಚಿಕೆಗಳನ್ನು ಅವರು ಆರಿಸಿದ್ದರು.

ಆದರೂ ನನ್ನ ತಕರಾರು ಪೂರ್ತಿ ಹೋಗಿಲ್ಲ. ಇಷ್ಟು ಚೆಂದದ ಲೆಕ್ಕ ಆ ಮನುಷ್ಯರ ತಲೆಯೊಳಗೆ ಮಾತ್ರ ಇದೆ. ನಾಳೆ ಅವರಿಗೆ ವರ್ಗವಾದರೆ ಲೆಕ್ಕವೂ ವರ್ಗವಾಗುತ್ತದೆ. ಏನು ಕೊಳ್ಳುತ್ತೇವೆ, ಯಾವ ದಾನ ಸ್ವೀಕರಿಸುತ್ತೇವೆ, ದೂರು ಬಂದರೆ ಏನು ಮಾಡುತ್ತೇವೆ ಎಂದು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ ಎಂದು ಅರ್ಜಿ ಕೊಟ್ಟು ಬಂದಿದ್ದೇನೆ, ಸ್ವೀಕೃತಿಯ ಮೊಹರು ಹಾಕಿಸಿಕೊಂಡು. ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೇ ಸೆಕ್ಷನ್ ಪ್ರಕಾರ ಕೆಲಸದ ನಿಯಮಗಳನ್ನು ಯಾರೂ ಕೇಳದೆಯೇ ಪ್ರಕಟಿಸಬೇಕಲ್ಲವೇ? ಸಲಹಾ ಪುಸ್ತಕದಲ್ಲಿ ತುಳುವಿಗೆ ಬೇರೆ ಕಪಾಟು ಬೇಕೆಂದು ಬರೆದೆ. ಅದರ ಹಿಂದಿನ ನಮೂದು ನಾಲ್ಕು ತಿಂಗಳ ಹಳೆಯದು, ನೀರಿನ ನಲ್ಲಿಯ ಬಗ್ಗೆ.

ಪ್ರಸಂಗ ಪುಸ್ತಕಗಳು 19 ಇವೆ. ಅಂಚಿನಲ್ಲೆಲ್ಲ ದೊಡ್ಡಪ್ಪನ ಪೆನ್ಸಿಲ್ ಬರಹ, ಎಲ್ಲಿ ಯಾರ ಪದ್ಯಕ್ಕೆ ಯಾವ ವಾದ ಎತ್ತಬೇಕು ಎಂದು. ಒಂದು ಕಡೆ ಕರ್ಣನ ಮಾತಿನ ಪಕ್ಕದಲ್ಲಿ ‘ಇಲ್ಲಿ ಸೋತೆ’ ಎಂದು ಬರೆದಿದ್ದಾರೆ. ಅವನ್ನು ಬಿಸಿಲಿಗೆ ಹಾಕದೆ ನೆರಳಲ್ಲಿ ಒಣಗಿಸುತ್ತಿದ್ದೇನೆ. ಉಡುಪಿಗೆ ಪತ್ರ ಬರೆದಿದ್ದೇನೆ, ಉತ್ತರ ಬಂದಿಲ್ಲ.

ಅರಿವು ಕೇಂದ್ರದ ಅಕ್ಕ

ಮಕ್ಕಳ ಪುಸ್ತಕ ಇದ್ದರೆ ನನಗೆ ಕೊಡಿ. ಬೂಷ್ಟು ಇಲ್ಲದ್ದು ಮಾತ್ರ.

ಕದ್ರಿ ಕಪಾಟು

ಹದಿನಾಲ್ಕು ಇವೆ, ಎಲ್ಲವೂ ಚಿತ್ರ ಇರುವುದು. ಮೂಸಿ ನೋಡಿದ್ದೇನೆ. ನಿಮ್ಮೂರಿಗೆ ಉಡುಪಿಯಿಂದ ಯಾವ ಬಸ್ಸು?